ಮಾಗಳಿ ಬೇರಿನ ಘಮ

ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ಕಡೆ ಗೋವಿನಜೋಳದ ತೆನೆ ಮುರಿಯುವ ಹೊತ್ತಿಗೆ ಮಳೆ ಹಿಡಿದರೆ ಕಾಳಿನ ಮೇಲೆ ಬೂಷ್ಟು ಏರುತ್ತದೆ. ಬಿಳಿ, ನಸುಗುಲಾಬಿಯದು ಫ್ಯುಸೇರಿಯಂ, ಹಸಿರು ಪುಡಿಯಂಥದು ಆಸ್ಪರ್ಜಿಲಸ್. ಮನೆಯಲ್ಲೇ ಬೀಜ ಇಟ್ಟುಕೊಳ್ಳುವ ಬಿಳಿಜೋಳ, ಭತ್ತಕ್ಕೂ ಇದೇ ಕಾಟ. ಬೀಜದ ಜೊತೆ ರೋಗವೂ ಹೊಲ ಸೇರುತ್ತದೆ.

ಇದನ್ನು ತಡೆಯಬಲ್ಲ ಬೇರೊಂದನ್ನು ಮೈಸೂರು ಸೀಮೆಯವರು ಬಹುಕಾಲದಿಂದ ಉಪ್ಪಿನಕಾಯಿ ಮಾಡಿ ಉಣ್ಣುತ್ತಿದ್ದರು. ಮಾಗಳಿ, ಬಂಡೆಗಳ ನಡುವೆ ಬೆಳೆಯುವ ಬಳ್ಳಿ. ಬೇರಿನ ನಡುವಿನ ನಾರು ತೆಗೆದು, ಹೋಳು ಮಾಡಿ ಮಜ್ಜಿಗೆಯಲ್ಲೋ ನಿಂಬೆರಸದಲ್ಲೋ ಹಾಕಿಟ್ಟರೆ ವರ್ಷಗಟ್ಟಲೆ ಕೆಡದು. ಉಪ್ಪಿನ ಗುಣವೆಂದು ಸುಮ್ಮನಾಗಬಹುದಿತ್ತು. ಆದರೆ ಆ ಘಮವೇ ಕೆಲವರನ್ನು ಕಾಡಿತು.

1941ರಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದ ಟಿ. ಆರ್. ಶೇಷಾದ್ರಿ ಮತ್ತು ಸಹೋದ್ಯೋಗಿ ಈ ಬೇರಿನ ರಾಸಾಯನಿಕಗಳನ್ನು ಬಿಡಿಸಿ ನೋಡಿದರು. 2001ರಲ್ಲಿ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಘಮದ ಲೆಕ್ಕವನ್ನೇ ಕೊಟ್ಟರು. ಬೇರಿನಿಂದ ಬಟ್ಟಿ ಇಳಿಸಿದ ತೈಲದಲ್ಲಿ ಶೇ. 96ರಷ್ಟು ಒಂದೇ ವಸ್ತು: 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ಹೆಸರು ಉದ್ದ, ನೆಂಟಸ್ತನ ಮಾತ್ರ ಪರಿಚಿತ. ಐಸ್‌ಕ್ರೀಮಿನ ವೆನಿಲಿನ್‌ನಲ್ಲಿರುವಷ್ಟೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ.

ಬೆಳೆಯ ಬೂಷ್ಟಿನ ಕಡೆಗೆ ಈ ಬೇರನ್ನು ತಿರುಗಿಸಿದ್ದು ಮೈಸೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು. ಡಿ. ಸಿ. ಮೋಹನ, ಎಸ್. ಸತೀಶ್, ಕೆ. ಎ. ರವೀಶ ಬೇರಿನ ಪುಡಿಯಿಂದ ಬೇರೆ ಬೇರೆ ದ್ರಾವಕಗಳಲ್ಲಿ ಸಾರ ತೆಗೆದರು. ಶಿಲೀಂಧ್ರ ಬೆಳೆಸುವ ಅಗಾರ್ ಎಂಬ ಜೆಲ್ಲಿಗೇ ಸಾರ ಬೆರೆಸಿ, ನಡುವೆ ಬೂಷ್ಟಿನ ತುಣುಕಿಟ್ಟು, ಅದು ಎಷ್ಟಗಲ ಹಬ್ಬುತ್ತದೆಂದು ಅಳೆಯುವುದು ಇಂಥ ಪರೀಕ್ಷೆಯ ರೀತಿ. ಸಾರವಿಲ್ಲದ ತಟ್ಟೆಯಲ್ಲಿ ಅಂಚಿನವರೆಗೆ ಹಬ್ಬುವ ಬೂಷ್ಟು ಸಾರವಿದ್ದಲ್ಲಿ ಕುಗ್ಗಿತು. ‘ಗಿಡಮೂಲಿಕೆ ಒಳ್ಳೆಯದು’ ಎಂದು ಅಲ್ಲಿಗೇ ನಿಲ್ಲಲಿಲ್ಲ, ಇದೇ ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು. ಸಾರವನ್ನು ಪದರಪದರವಾಗಿ ಬೇರ್ಪಡಿಸಿ, ಕೆಲಸ ಮಾಡುವ ಅಂಶ ಯಾವುದೆಂದು ಹುಡುಕಿದರು. ಸಿಕ್ಕಿದ್ದು ಅದೇ ಘಮದ ವಸ್ತು. ಕಾಳು ಕೆಡಿಸುವ ಬೀಜಜನ್ಯ ಶಿಲೀಂಧ್ರಗಳ ಮೇಲೆ ಅದರ ಪರಿಣಾಮವನ್ನು 2009ರಲ್ಲಿ ಪ್ರಕಟಿಸಿದರು.

ವಸ್ತು ಯಾವುದೆಂದು ತಿಳಿದದ್ದರಿಂದ ಇನ್ನೊಂದು ದಾರಿಯೂ ತೆರೆದಿದೆ. ಬೇರು ಅಗೆದರೆ ಮಾಗಳಿಯ ಬಳ್ಳಿಯೇ ಹೋದಂತೆ, ಉಪ್ಪಿನಕಾಯಿಗಾಗಿಯೇ ಕಾಡಿನಲ್ಲಿ ಅದು ವಿರಳವಾಗುತ್ತಿದೆ. ಊರೂರಿನ ಬೀಜಕ್ಕೆ ಬೇರಿನ ಪುಡಿ ಸವರಲು ಹೊರಟರೆ ಗುಡ್ಡಗಳಲ್ಲಿ ಮಾಗಳಿ ಉಳಿಯದು. ಆ ಅಣುವನ್ನೋ ಪ್ರಯೋಗಾಲಯದಲ್ಲಿ ಒಂದೂ ಬೇರು ಅಗೆಯದೆ ತಯಾರಿಸಬಹುದು.