ಮಳೆ ಪುಸ್ತಕ ನೋಡಿ ಹುಳುವಿನ ದಿನ ಹೇಳಬಹುದೇ?

ಕಳೆದ ಕೊಯ್ಲಿನ ಕಾಲದಲ್ಲಿ ಯಾದಗಿರಿ ಬಳಿಯ ರಾಮಸಮುದ್ರದ ಹಿರಿಯರೊಬ್ಬರು ನಮ್ಮ ತೋಟಕ್ಕೆ ಹಣ್ಣು ಕೊಯ್ಯಲು ಬಂದಿದ್ದರು. ಒಂದು ಮಧ್ಯಾಹ್ನ ಕಣದಲ್ಲಿ ಚೀಲ ಇಳಿಸಿದವರು ಆಕಾಶ ನೋಡಿ, "ಹಿಂಗ ಮೋಡ ಹಾಕಿ ಕುಂತ್ರ ನಮ್ ಕಡಿ ತೊಗರಿಗಿ ಹುಳ ಬೀಳ್ತಾವ್ರಿ, ಸಾವ್ಕಾರ್ರ" ಎಂದರು. ಊರಿನಲ್ಲಿ ಅವರ ತೊಗರಿ ಆಗ ಹೂವಿನಲ್ಲಿತ್ತು. ನಮಗೆ ಕಣದ ಕಾಫಿ ಒಣಗುವ ಚಿಂತೆಯಾದರೆ ಅವರಿಗೆ ನೂರಾರು ಮೈಲಿ ಆಚೆಯ ಕಾಯಿಕೊರಕದ ಚಿಂತೆ. ಅದೇ ಸಂಜೆ ಮಗನಿಗೆ ಫೋನು ಮಾಡಿ ಹೊಲ ನೋಡಿಬರಲು ಹೇಳಿದರು.

ಆ ಮಾತು ನಮ್ಮನ್ನು ಸ್ವಲ್ಪ ನಾಚಿಸಿತೆಂದೇ ಹೇಳಬೇಕು. ಸಂಘದ ಮಳಿಗೆಯ ಲೆಕ್ಕ ತೆಗೆದು ನೋಡಿದರೆ, ನಮ್ಮಲ್ಲಿ ಔಷಧಿ ಹೆಚ್ಚು ಖರ್ಚಾಗುವುದು ಹುಳು ಬರುವ ಮುಂಚೆಯಲ್ಲ, ಗಿಡ ಹಳದಿಯಾದ ಮೇಲೆ. ಕೊಳೆರೋಗದ ವಿಷಯದಲ್ಲಿ ನಾವು ಹಾಗೆ ಕಾಯುವುದಿಲ್ಲ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ದಾರಿ ತೋರಿಸಿದಂದಿನಿಂದ, ಮುಂಗಾರು ಹಿಡಿಯುವ ಮುಂಚೆಯೇ ಗೊನೆಗೆ ಸಿಂಪರಣೆ ಮಾಡುವುದನ್ನು ಕಲಿತಿದ್ದೇವೆ. ಕೀಟಗಳ ಮಟ್ಟಿಗೆ ಮಾತ್ರ ಈ ಬುದ್ಧಿ ಏಕೋ ಬಂದಿಲ್ಲ.

ಅರೇಬಿಕಾದ ಬಿಳಿ ಕಾಂಡಕೊರಕವನ್ನೇ ತೆಗೆದುಕೊಳ್ಳಿ. ಇದರ ದುಂಬಿ ವರ್ಷಕ್ಕೆ ಎರಡು ಬಾರಿ ಹಾರುತ್ತದೆ: ಏಪ್ರಿಲ್‌ನಿಂದ ಜೂನ್‌ವರೆಗೆ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಇದು ಬಿಸಿಲಿನ ಹುಳು. ಮೋಡ, ಚಳಿ ಇದ್ದ ದಿನ ಅಡಗಿ ಕೂತು, ಚುರುಕು ಬಿಸಿಲು ಬಿದ್ದ ದಿನ ಹೊರಬಿದ್ದು ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಸುಮಾರು ಹತ್ತು ದಿನದಲ್ಲಿ ಮರಿ ಹೊರಬಂದು ಕೆಲಕಾಲ ತೊಗಟೆಯ ಕೆಳಗೇ ಇದ್ದು, ಆಮೇಲೆ ಕಟ್ಟಿಗೆಗೆ ಇಳಿಯುತ್ತದೆ. ಕಟ್ಟಿಗೆಗೆ ಇಳಿದ ಮರಿಗೆ ಯಾವ ಔಷಧಿಯೂ ತಾಗದು. ಗಿಡ ಕಿತ್ತು ಸುಡುವುದೊಂದೇ ದಾರಿ. ಲಿಂಡೇನ್ ಇದ್ದಾಗ ಅದರ ಮೇಲೆ ಭಾರ ಹಾಕಿ ಕೂತಿದ್ದೆವು. 2013ರಿಂದ ಅದರ ಬಳಕೆಗೇ ನಿಷೇಧವಾಯಿತು. ಈಗ ಉಳಿದಿರುವ ತೊಗಟೆ ಉಜ್ಜುವಿಕೆ, ಶೇ. 10ರ ಸುಣ್ಣದ ತಿಳಿ, ಲಿಂಗಾಕರ್ಷಕ ಬಲೆ, ಎಲ್ಲವೂ ಸರಿಯಾದ ವಾರದಲ್ಲಿ ಮಾಡಿದರೆ ಮಾತ್ರ ಫಲ. ಅಕ್ಟೋಬರ್‌ನಲ್ಲಿ ಮಳೆ ಎಳೆದ ವರ್ಷ ಹಾರಾಟವೂ ಹಿಂದೆ ಬೀಳುತ್ತದೆಂಬುದು ನಮ್ಮ ತೋಟದ ಅನುಭವ. ಮರಗಸಿ ಅತಿಯಾಗಿ ಮಾಡಿ ಬಿಸಿಲು ನೇರ ಗಿಡಕ್ಕೆ ಬಿಟ್ಟವರು ಹುಳುವಿಗೆ ತಾವೇ ಆಹ್ವಾನ ಕೊಟ್ಟಂತೆ.

ಅಡಿಕೆಯ ಬೇರುಹುಳುವಿನ ಲೆಕ್ಕ ಬೇರೆ. ಇದಕ್ಕೆ ಬೇಕಾದುದು ಬಿಸಿಲಲ್ಲ, ನೆನೆದ ಮಣ್ಣು. ಮುಂಗಾರಿನ ಮುಂಚಿನ ಮಳೆ ನೆಲವನ್ನು ಚೆನ್ನಾಗಿ ತೊಯ್ಸಿದ ಮೇಲೆ, ಹೊತ್ತು ಮುಳುಗುವ ವೇಳೆಗೆ ಕಂದು ದುಂಬಿಗಳು ಮಣ್ಣಿನಿಂದ ಏಳುತ್ತವೆ. ಸ್ವಲ್ಪ ಹೊತ್ತು ಹಾರಾಡಿ, ಜೋಡಿಯಾಗಿ, ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಆ ಸಂಜೆಗಳಲ್ಲಿ ಟಾರ್ಚು ಹಿಡಿದು, ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹೆಕ್ಕಿ ಹಾಕಿದರೆ, ಮುಂದೆ ಬೇರು ತಿನ್ನುವ ಮರಿಗಳ ಬಹುಭಾಗ ಹುಟ್ಟುವುದೇ ಇಲ್ಲ. ಒಂದು ರೂಪಾಯಿ ಔಷಧಿಯ ಖರ್ಚಿಲ್ಲ. ಆದರೆ ಆ ಸಂಜೆ ತೋಟದಲ್ಲಿ ಇರಬೇಕಷ್ಟೆ.

ನಾವು ಇರಲಿಲ್ಲ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ ನೆಂಟರ ಮದುವೆಗೆಂದು ನಾಲ್ಕು ದಿನ ಊರು ಬಿಟ್ಟಿದ್ದೆವು. ಹೋದ ಮರುದಿನವೇ ಎರಡು ಇಂಚಿನ ಮಳೆ ಬಿತ್ತು. ಮಳೆ ಪುಸ್ತಕದಲ್ಲಿ ರೈಟರು ಅದನ್ನು ಸೆಂಟಿನ ಲೆಕ್ಕದವರೆಗೆ ನೀಟಾಗಿ ಬರೆದಿಟ್ಟಿದ್ದರು. ದುಂಬಿ ಎದ್ದುದನ್ನು ಯಾರೂ ನೋಡಲಿಲ್ಲ. ಕೆಳಗಿನ ಅಡಿಕೆ ತೋಟದ ಎರಡು ಸಾಲಿನ ಮರಗಳು ಮರುವರ್ಷ ಹಳದಿಗೆ ತಿರುಗಿ, ತಲೆ ಸಣ್ಣಗಾದವು. ಬುಡ ಬಿಡಿಸಿದಾಗ ಬೊಗಸೆ ತುಂಬ ಬಿಳಿಯ ಮರಿಗಳು. ಆ ಮರಗಳಲ್ಲಿ ಕೆಲವು ಇಂದಿಗೂ ಸುಧಾರಿಸಿಲ್ಲ.

ನಮ್ಮ ಹಿರಿಯರು ಇಂಥದನ್ನು ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರದ ಮೇಲೆ ಎಣಿಸುತ್ತಿದ್ದರು. ಆದರೆ ಮಳೆ ನಕ್ಷತ್ರ ಕೂಡುವ ದಿನ ತಪ್ಪುವುದಿಲ್ಲ, ಮಳೆ ತಪ್ಪುತ್ತದೆ. ಕೃತ್ತಿಕೆಯಲ್ಲಿ ಧೂಳೆದ್ದರೆ ದುಂಬಿ ಏಳುವುದಿಲ್ಲ. ಭರಣಿಯಲ್ಲೇ ನೆಲ ನೆನೆದರೆ ಅದು ಕೃತ್ತಿಕೆಗೆಂದು ಕಾಯುವುದೂ ಇಲ್ಲ.

ಕಾಫಿಯ ಕಾಯಿಕೊರಕ, ಅಂದರೆ ಬೆರಿ ಬೋರರ್, ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಗಿಡದಲ್ಲೂ ನೆಲದಲ್ಲೂ ಉಳಿದ ಒಣ ಹಣ್ಣಿನೊಳಗೆ ಬೇಸಿಗೆ ಕಳೆದು, ಬೇಸಿಗೆ ಮಳೆಯ ತೇವ ತಾಗಿದಾಗ ಇದರ ದುಂಬಿ ಹೊರಡುತ್ತದೆ. ಆದ್ದರಿಂದ ಉದುರು ಹಣ್ಣು ಆರಿಸುವುದು ಹೂಮಳೆಗೆ ಮುಂಚೆ ಮುಗಿಯಬೇಕು. ಆಮೇಲೆ ಆರಿಸಿದರೆ ಖಾಲಿ ಮನೆಗೆ ಬೀಗ ಹಾಕಿದಂತೆ.

ಕೀಟ ವಿಜ್ಞಾನಿಗಳು ಇದನ್ನೇ ಶಾಖದ ಲೆಕ್ಕದಿಂದ ಹೇಳುತ್ತಾರೆ. ಕಾಯಿಕೊರಕ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳೆಯುವುದಿಲ್ಲ. ಒಂದು ದಿನದ ಗರಿಷ್ಠ 30, ಕನಿಷ್ಠ 18 ಆದರೆ ಸರಾಸರಿ 24. ಅದರಲ್ಲಿ 15 ಕಳೆದರೆ ಆ ದಿನ ಹುಳುವಿನ ಖಾತೆಗೆ 9 ಜಮಾ. ಹೀಗೆ ಜಮೆ ಕೂಡಿ ಒಂದು ಮೊತ್ತ ಮುಟ್ಟಿದಾಗ ಒಂದು ತಲೆಮಾರು ಮುಗಿಯುತ್ತದೆ. ಸೆಖೆಯ ವರ್ಷ ಖಾತೆ ಬೇಗ ತುಂಬುತ್ತದೆ. ಲೆಕ್ಕವೇನೋ ಸರಳ. ಆದರೆ ಪೇಟೆಯ ಉಷ್ಣಾಂಶವನ್ನು ಪತ್ರಿಕೆಯಲ್ಲಿ ನೋಡಿ ಬರೆದುಕೊಂಡರೆ ಪ್ರಯೋಜನವಿಲ್ಲ. ನೆರಳಿನ ಕೆಳಗಿನ ಹವೆಯೇ ಬೇರೆ. ತೋಟದೊಳಗೇ ಒಂದು ಉಷ್ಣಮಾಪಕ ಬೇಕು.

ನಮ್ಮ ಸದಸ್ಯರಲ್ಲಿ ಮಳೆ ಬರೆದಿಡದ ಮನೆ ಕಡಿಮೆ. ಅದೇ ಪುಟದ ಅಂಚಿನಲ್ಲಿ ಇನ್ನೆರಡು ಗೆರೆ ಹಾಕಿ: ಬಲೆಗೆ ಮೊದಲ ಕಾಂಡಕೊರಕ ಬಿದ್ದ ದಿನ ಒಂದರಲ್ಲಿ, ಅಡಿಕೆ ತೋಟದಲ್ಲಿ ಮೊದಲ ದುಂಬಿ ಎದ್ದ ಸಂಜೆ ಇನ್ನೊಂದರಲ್ಲಿ. ಒಂದು ಕಣಿವೆಯ ಮಳೆ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಪ್ರತಿಯೊಬ್ಬರದೂ ಬೇಕು. ದುಂಬಿ ಕಂಡ ಸಂಜೆಯೇ ಸಂಘಕ್ಕೆ ಫೋನು ಮಾಡಿದರೆ, ಮರುದಿನ ಬೆಳಿಗ್ಗೆ ಮಳಿಗೆಯ ಹಲಗೆಯ ಮೇಲೆ ಊರಿನ ಹೆಸರು ಸಹಿತ ಬರೆಸುತ್ತೇವೆ. ಗೆರೆ ಹಾಕಿದ ಪುಸ್ತಕ ಬೇಕಾದವರು ಏಪ್ರಿಲ್ ಒಳಗೆ ಕಛೇರಿಯಿಂದ ಒಯ್ಯಬಹುದು.