ಉಪ್ಪಾಗೆ ಒಲೆಯ ಮುಂದೆ: ಕಿರು ಅನುದಾನ ಬಿಡಿಸುವ ಗಂಟು

ಕಿರು ಅರಣ್ಯ ಉತ್ಪನ್ನದ ಬಗ್ಗೆ ಎಲ್ಲಿ ಮಾತಿಗೆ ಕೂತರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ನಾವೇನು ಮರ ಕಡಿಯುತ್ತೇವಾ? ಹಣ್ಣು ಕೊಯ್ಯುವುದು ತಾನೇ, ಕಾಡಿಗೇನು ನಷ್ಟ?’ ನ್ಯಾಯವಾದ ಪ್ರಶ್ನೆಯೇ. ಬೇರು ಕಿತ್ತರೆ ಗಿಡ ಹೋಯಿತು, ತೊಗಟೆ ಸುಲಿದರೆ ಮರ ಸೊರಗಿತು. ಹಣ್ಣು ಹಾಗಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಇದಕ್ಕೆ ಉತ್ತರ ಹೇಳುವಾಗ ನಾನು ಮರದಿಂದ ಶುರು ಮಾಡುವುದಿಲ್ಲ. ಉತ್ತರ ಕನ್ನಡದ ಮಲೆನಾಡಿನಲ್ಲಿ ಜಡಿಮಳೆಯ ದಿನ ಉಪ್ಪಾಗೆ ಸಿಪ್ಪೆ ಒಣಗಿಸುವ ಒಲೆಯಿಂದ ಶುರು ಮಾಡುತ್ತೇನೆ.

ಅದಕ್ಕೆ ಮೊದಲು ಅನುದಾನದ ಮಾತನ್ನು ಚುಟುಕಾಗಿ ಮುಗಿಸೋಣ. ಸಾಲವನ್ನು ತೀರಿಸಬೇಕು. ಸಹಾಯಧನ ಎಂದರೆ ಕೊಳ್ಳುವ ವಸ್ತುವಿನ ಬೆಲೆಯಲ್ಲಿ ಒಂದು ಪಾಲನ್ನು ಬೇರೆಯವರು ಕೊಡುವುದು. ಅನುದಾನವೋ, ಇಂಥ ಕೆಲಸ ಮಾಡಿ ತೋರಿಸುತ್ತೇವೆ ಎಂಬ ಕರಾರಿನ ಮೇಲೆ ಬರುವ, ಮರಳಿಸಬೇಕಿಲ್ಲದ ಹಣ. ಜಾಗತಿಕ ಪರಿಸರ ನಿಧಿಯ ಕಿರು ಅನುದಾನ ಕಾರ್ಯಕ್ರಮ ಶುರುವಾದದ್ದು 1992ರಲ್ಲಿ, ರಿಯೋ ಶೃಂಗಸಭೆ ನಡೆದ ವರ್ಷವೇ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಯುಎನ್‌ಡಿಪಿ, ಅದನ್ನು ನಡೆಸುತ್ತ ಬಂದಿದೆ. ಭಾರತದಲ್ಲಿ ಬಹುಕಾಲ ಅಹಮದಾಬಾದಿನ ಪರಿಸರ ಶಿಕ್ಷಣ ಕೇಂದ್ರ ಇದರ ಹೊಣೆ ಹೊತ್ತಿತ್ತು. ಬಹಳ ವರ್ಷ ಒಂದು ಯೋಜನೆಗೆ ಸಿಗುತ್ತಿದ್ದ ಗರಿಷ್ಠ ಮೊತ್ತ 50,000 ಡಾಲರ್. ಪಶ್ಚಿಮ ಘಟ್ಟದ ಮಟ್ಟಿಗೆ ಹೇಳುವುದಾದರೆ, ಕ್ರಿಟಿಕಲ್ ಇಕೋಸಿಸ್ಟಮ್ ಪಾರ್ಟ್‌ನರ್‌ಶಿಪ್ ಫಂಡ್ ಎಂಬ ಇನ್ನೊಂದು ನಿಧಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಮೂಲಕ ಸಣ್ಣ ಸಂಘಗಳಿಗೂ ಹಣ ಕೊಟ್ಟಿತು. ಇಂಥ ಹಣ ನೇರ ಸ್ಥಳೀಯ ಸಂಘಕ್ಕೆ ಬರುತ್ತದೆ, ಕಂತುಗಳಲ್ಲಿ ಬರುತ್ತದೆ. ಸಂಘವೂ ತನ್ನ ಪಾಲು ಹಾಕಬೇಕು. ಅದು ದುಡ್ಡೇ ಆಗಬೇಕಿಲ್ಲ, ಜಾಗ, ಕಲ್ಲು, ಮಣ್ಣು, ಆಳಿನ ಕೆಲಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇನ್ನು ಉಪ್ಪಾಗೆ. ಸಸ್ಯಶಾಸ್ತ್ರದಲ್ಲಿ ಗಾರ್ಸೀನಿಯಾ ಗಮ್ಮಿ-ಗಟ್ಟಾ. ನಮ್ಮ ಮುರುಗಲಿನ, ಅಂದರೆ ಪುನರ್ಪುಳಿಯ, ದಾಯಾದಿ. ಕೇರಳದವರ ಮೀನು ಸಾರಿನ ಕುಡಂಪುಳಿ ಇದೇ, ಕೊಡಗಿನ ಕಾಚಂಪುಳಿಯೂ ಇದರದ್ದೇ ರಸ. ಉತ್ತರ ಕನ್ನಡದಲ್ಲಿ ಮಾತ್ರ ಹಿಂದೆ ಸಿಪ್ಪೆಗಿಂತ ಬೀಜಕ್ಕೆ ಬೆಲೆ ಇತ್ತು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಎಷ್ಟೋ ಮನೆಗಳ ಅಡುಗೆಗೆ ಆಗುತ್ತಿತ್ತು. ಕುಂಬಳಕಾಯಿಯಂತೆ ಹೋಳು ಹೋಳಾದ ಗೀರುಗಳಿರುವ ಈ ಪುಟ್ಟ ಹಣ್ಣು ಹಳದಿಗೆ ತಿರುಗಿ ಉದುರುವುದು ಸರಿಯಾಗಿ ಮಳೆಗಾಲದಲ್ಲಿ. ಕಥೆಯ ಗಂಟೆಲ್ಲ ಇರುವುದು ಈ ಒಂದು ಸಂಗತಿಯಲ್ಲಿ.

ಸಿಪ್ಪೆಗೆ ಬೆಲೆ ಬಂದ ಬಗೆಯನ್ನೂ ಹೇಳಬೇಕು, ಅದಕ್ಕೆ ನಮ್ಮ ಮೈಸೂರಿನ ನಂಟಿದೆ. ಈ ಹುಳಿಯನ್ನು ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲ ಎಂದು ತಿಳಿದಿದ್ದ ಕಾಲದಲ್ಲಿ, ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಅಲ್ಲಿಂದ ತೂಕ ಇಳಿಸುವ ಮಾತ್ರೆಗಳ ಕಂಪನಿಗಳ ಕಣ್ಣು ಉಪ್ಪಾಗೆಯ ಮೇಲೆ ಬಿತ್ತು. 1990ರ ದಶಕದಲ್ಲಿ ಸಿಪ್ಪೆಯ ಬೆಲೆ ಏರಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪರೀಕ್ಷೆ 135 ಜನರ ಮೇಲೆ 12 ವಾರ ನಡೆದು, ಬರಿಯ ಹುಸಿಮಾತ್ರೆಗಿಂತ ಹೆಚ್ಚಿನ ಫಲವಿಲ್ಲ ಎಂದಿತು. ಬೇಡಿಕೆ ಮಾತ್ರ ಉಳಿದುಕೊಂಡಿತು. ಬೆಲೆ ಬಂದ ಕೂಡಲೇ ಕಾಡಿನಲ್ಲಿ ಪೈಪೋಟಿ ಹುಟ್ಟಿತು. ನಾನು ಹಣ್ಣಾಗಲಿ ಎಂದು ಕಾದರೆ ನಾಳೆ ಬೆಳಿಗ್ಗೆ ಇನ್ನೊಬ್ಬ ಬಂದು ಕೊಯ್ದಿರುತ್ತಾನೆ. ಹಾಗಾಗಿ ಕಾಯಿ ಹಸಿರಿರುವಾಗಲೇ ದೋಟಿ ಏರಿತು. ದೋಟಿಗೆ ಸಿಗದ ಕಡೆ ಕೊಂಬೆಯೇ ಇಳಿಯಿತು.

ಈಗ ಒಲೆಯ ಮುಂದೆ ಕೂರೋಣ. ಹೊರಗೆ ಜುಲೈ ತಿಂಗಳ ಮಳೆ. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಾಲ್ಕು ಗೂಟ ಹುಗಿದು, ಮೇಲೆ ಅಡಕೆ ದಬ್ಬೆಯ ತಟ್ಟಿ ಹಾಸಿ, ಅದರ ಮೇಲೆ ಹಸಿ ಸಿಪ್ಪೆ ಹರವಿದ್ದಾರೆ. ಕೆಳಗೆ ಬೆಂಕಿ. ಸೌದೆ ಒದ್ದೆ, ಹಾಗಾಗಿ ಉರಿಗಿಂತ ಹೊಗೆಯೇ ಹೆಚ್ಚು. ಮನೆಯ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಸಿಪ್ಪೆ ಮಗುಚುತ್ತಾಳೆ. ರಾತ್ರಿಯೂ ಎದ್ದು ಮಗುಚಬೇಕು. ಒಂದು ಸಿಪ್ಪೆ ಎತ್ತಿ ಹೆಬ್ಬೆರಳಿನಿಂದ ಸೀಳಿ ನೋಡಿದರೆ ಹೊರಗೆ ಕರ್ರಗೆ ಗಟ್ಟಿ, ಒಳಗೆ ಇನ್ನೂ ಹಳದಿ, ಮೆತ್ತಗೆ. ಚೀಲಕ್ಕೆ ತುಂಬಿದರೆ ಹತ್ತು ದಿನದಲ್ಲಿ ಬೂಷ್ಟು ಹಿಡಿಯುವ ಸಿಪ್ಪೆ ಇದು.

ಇಲ್ಲೇ ಹೆಚ್ಚಿನವರು ಎಡವುವುದು. ಒಣಗಲಿಲ್ಲವೆಂದರೆ ಉರಿ ಸಾಲದು, ಇನ್ನೆರಡು ಕೊರಡು ಒಟ್ಟು ಎನ್ನುತ್ತಾರೆ. ಆದರೆ ಸಿಪ್ಪೆಯ ನೀರನ್ನು ಹೊತ್ತು ಹೊರಗೆ ಹೋಗುವುದು ಗಾಳಿ. ಬೆಂಕಿಯ ಕೆಲಸ ಆ ಗಾಳಿಗೆ ನೀರು ಹೊರುವ ಶಕ್ತಿ ಕೊಡುವುದಷ್ಟೇ. ಮಳೆಗಾಲದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿ ತೇವದಿಂದ ಪೂರ್ತಿ ತುಂಬಿದೆ ಎನ್ನಿ. ಒಂದು ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರಿನ ಆವಿ. ಇನ್ನೊಂದು ಹನಿಗೂ ಅಲ್ಲಿ ಜಾಗವಿಲ್ಲ. ಅದೇ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿದರೆ ಅದು ಹೊರಬಲ್ಲ ನೀರು 80 ಗ್ರಾಂ ದಾಟುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ನೂರರಿಂದ ಕಾಲು ಭಾಗದ ಹತ್ತಿರಕ್ಕೆ ಇಳಿಯಿತು. ಇಪ್ಪತ್ತೈದು ಡಿಗ್ರಿಯ ಬಿಸಿ ಇಷ್ಟು ದೊಡ್ಡ ಬದಲಾವಣೆ ತರುತ್ತದೆ ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಲೆಕ್ಕ. ದೊಡ್ಡ ಉರಿ ಬೇಕಿಲ್ಲ, ಹದವಾಗಿ ಕಾದ ಗಾಳಿ ಬಿಡದೆ ಹರಿಯಬೇಕು. ಉರಿ ಜಾಸ್ತಿಯಾದರೆ ಸಿಪ್ಪೆಯ ಮೇಲ್ಮೈ ಮೊದಲೇ ಗಟ್ಟಿಯಾಗಿ ಬಾಗಿಲು ಹಾಕಿಕೊಳ್ಳುತ್ತದೆ, ಒಳಗಿನ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಹೆಬ್ಬೆರಳಿನ ಪರೀಕ್ಷೆಯಲ್ಲಿ ಕಂಡದ್ದು ಅದನ್ನೇ.

ಹೀಗೆ ಗಾಳಿ ಹರಿಸಲೆಂದೇ ಮಾಡಿದ ಸುಧಾರಿತ ಡ್ರೈಯರಿನಲ್ಲಿ ಒಲೆಯನ್ನು ಮಣ್ಣು ಅಥವಾ ಇಟ್ಟಿಗೆಯಿಂದ ಮುಚ್ಚಿರುತ್ತಾರೆ. ಹೊಗೆ ಮತ್ತು ಬಿಸಿ ತಗಡಿನ ಕೊಳವೆಯೊಳಗೆ ಹಾದು ಚಿಮಣಿಯಿಂದ ಹೊರಬೀಳುತ್ತವೆ. ಆ ಕೊಳವೆಯ ಸುತ್ತ ಕೆಳಗಿನ ಕಿಂಡಿಗಳಿಂದ ಬಂದ ಶುದ್ಧ ಗಾಳಿ ಕಾದು, ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ನಡುವೆ ನುಸುಳಿ, ನೀರು ಹೊತ್ತು, ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತದೆ. ಸಿಪ್ಪೆಗೆ ಹೊಗೆ ತಾಗುವುದಿಲ್ಲ. (ಕುಡಂಪುಳಿಗೆ ಹೊಗೆಯ ಘಮ ಬೇಕೆನ್ನುವ ಕೇರಳದ ಗಿರಾಕಿಗೆ ಹಳೆಯ ತಟ್ಟಿಯದ್ದೇ ಸರಿ, ಅದು ರುಚಿಯ ಪ್ರಶ್ನೆ.) ಇಂಥ ಡ್ರೈಯರ್ ಕಟ್ಟಿಸಿಕೊಂಡವರು ಮಾಡುವ ಮೊದಲ ತಪ್ಪು, ಬಿಸಿ ಸುಮ್ಮನೆ ಹೋಗುತ್ತದಲ್ಲ ಎಂದು ಮೇಲಿನ ಕಿಂಡಿಗೆ ಗೋಣಿ ತುರುಕುವುದು. ಆಗ ಪೆಟ್ಟಿಗೆ ಇಡ್ಲಿ ಪಾತ್ರೆಯಾಗುತ್ತದೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಪಕ್ಕ ಬಾಗಿಲು ಮುಚ್ಚಿ ಹರವಿದ ಬಟ್ಟೆ ಒಣಗದೆ ಮುಗ್ಗಲು ಹಿಡಿಯುವುದನ್ನು ನೋಡಿದವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗುವುದಿಲ್ಲ.

‘ಕಾಡಿಗೇನು ನಷ್ಟ’ ಎಂಬ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ತೆರೆದ ಒಲೆಗೆ ಮಳೆಗಾಲ ಪೂರ್ತಿ ಸೌದೆ ಬೇಕು. ಆ ಸೌದೆ ಅದೇ ಕಾಡಿನದ್ದು. ಹಸಿ ಕಟ್ಟಿಗೆಯಾದರೆ ಸಿಪ್ಪೆಯ ನೀರಿಗಿಂತ ಮೊದಲು ಅದರ ನೀರನ್ನೇ ಆರಿಸಬೇಕು, ಅದಕ್ಕೂ ಬೆಂಕಿ ಖರ್ಚು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡದ ಗಂಡು ಮರವನ್ನು ಉಪಯೋಗವಿಲ್ಲವೆಂದು ಸೌದೆಗೆ ಕಡಿದರೆ ಸುತ್ತಲಿನ ಹೆಣ್ಣು ಮರಗಳ ಹೂವಿಗೆ ಪರಾಗ ಎಲ್ಲಿಂದ ಬರಬೇಕು? ಹಣ್ಣು ಕೊಯ್ದದ್ದರಿಂದ ಆಗದ ನಷ್ಟ, ಹಣ್ಣು ಒಣಗಿಸಿದ್ದರಿಂದ ಆಯಿತು.

ಕಿರು ಅನುದಾನಕ್ಕೆ ಕೆಲಸವಿರುವುದು ಇಂಥ ಜಾಗದಲ್ಲಿ. ಡ್ರೈಯರ್ ದೊಡ್ಡ ಬಂಡವಾಳದ್ದಲ್ಲ. ಆದರೆ ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ಉರಿಯುವ ಒಲೆಗೆ, ಅದೂ ಅಡವಿಡಲು ಜಮೀನಿಲ್ಲದ ಸಂಗ್ರಾಹಕರಿಗೆ, ಬ್ಯಾಂಕಿನಿಂದ ಸಾಲ ಹುಟ್ಟುವುದು ಕಷ್ಟ. ಸಾಲ ಹುಟ್ಟದವನು ವ್ಯಾಪಾರಿಯ ಮುಂಗಡಕ್ಕೆ ಕೈಯೊಡ್ಡುತ್ತಾನೆ. ಮುಂಗಡ ತಿಂದವನು ವ್ಯಾಪಾರಿ ಹೇಳಿದ ದಿನ, ಹೇಳಿದ ಬೆಲೆಗೆ ಕೊಡಬೇಕು. ಹಣ್ಣಾಗಲಿ ಎಂದು ಕಾಯುವ ಸ್ವಾತಂತ್ರ್ಯ ಅವನಿಗಿಲ್ಲ. ಹತ್ತು ಮನೆಗೊಂದು ಡ್ರೈಯರ್ ಮತ್ತು ಆರು ವಾರದ ಖರ್ಚಿಗೆ ಬಳಸಿ ಮರಳಿಸುವ ಸುತ್ತುನಿಧಿ ಇದ್ದರೆ ಆ ಮನೆಗಳು ಕಾಯಬಲ್ಲವು. ಮಾಗಿದ ಹಣ್ಣು ದಿನಕ್ಕಿಷ್ಟು ಎಂದು ಉದುರುತ್ತದೆ, ಒಲೆಯ ಅಳತೆಗೆ ಹೊಂದುತ್ತದೆ. ಹಸಿ ಕಾಯಿಯನ್ನು ಒಂದೇ ವಾರದಲ್ಲಿ ಬಾಚಿ ತಂದಾಗ ಮಾತ್ರ ಒಲೆಗಳು ಸಾಲದೆ ಬರುತ್ತವೆ.

ಆದರೆ ಯಂತ್ರ ಬಂತು, ಬೆಲೆ ಬಂತು, ಕಾಡು ಉಳಿಯಿತು ಎಂದು ಬರೆಯುವ ವರದಿಗಳನ್ನು ನಾನು ಒಪ್ಪುವುದಿಲ್ಲ. ಬೆಲೆ ಹೆಚ್ಚಿದಾಗ ಏನಾಗುತ್ತದೆಂದು 1990ರ ದಶಕದಲ್ಲೇ ನೋಡಿದ್ದೇವೆ. ಕಟ್ಟುಪಾಡು ಇಲ್ಲದ ಕಡೆ ಒಳ್ಳೆಯ ಒಲೆ ಇನ್ನಷ್ಟು ಕಾಯಿಯನ್ನು ಕಾಡಿನಿಂದ ಎಳೆದು ತರುತ್ತದೆ. ಆದ್ದರಿಂದ ಮೊದಲು ಊರು ಕೂತು ಮಾತಾಡಬೇಕು: ಕೊಯ್ಲು ಯಾವ ದಿನ ಶುರು, ಕೊಂಬೆಗೆ ಕತ್ತಿ ತಾಗಿಸಿದವರಿಗೆ ಏನು ದಂಡ, ಮರದ ತುದಿಯಲ್ಲಿ ಎಷ್ಟು ಹಣ್ಣು ಬಿಡಬೇಕು. ಬಿಟ್ಟ ಹಣ್ಣು ವ್ಯರ್ಥವಲ್ಲ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಿನಲ್ಲಿ ಸಿಂಗಳೀಕಗಳು ಉಪ್ಪಾಗೆ ತಿನ್ನುತ್ತವೆ; ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಂರಕ್ಷಿತ ಮೀಸಲು ಘೋಷಣೆಯಾಯಿತು. ಅಡಕೆ ತೋಟಗಳಿಗೆ ಬಿಟ್ಟುಕೊಟ್ಟ ಸೊಪ್ಪಿನಬೆಟ್ಟದಲ್ಲಿ ಇಂಥ ಕಟ್ಟುಪಾಡು ಸುಲಭ, ಯಾವ ಮರ ಯಾರ ಸುಪರ್ದಿಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಯಾರದ್ದೂ ಅಲ್ಲದ ಕಾಡಿನಲ್ಲಿ ಅದು ಕಷ್ಟ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅರಣ್ಯವಾಸಿಗಳಿಗೆ ಮಾನ್ಯ ಮಾಡಿರುವುದು ಇದಕ್ಕಾಗಿಯೇ ಬಹಳ ಮುಖ್ಯ.

ಹಕ್ಕಿಲ್ಲದ ಕಡೆ ಹಣ ಎಷ್ಟು ಬಂದರೂ ನಿಲ್ಲುವುದಿಲ್ಲ ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟ ಸಾಕ್ಷಿ. ಅಲ್ಲಿ 1990ರ ದಶಕದಲ್ಲಿ ಹೊರಗಿನ ಅನುದಾನದಿಂದ ಸೋಲಿಗ ಬುಡಕಟ್ಟಿನವರು ಜೇನು, ನೆಲ್ಲಿಕಾಯಿ ಸಂಸ್ಕರಣೆಗೆ ಇಳಿದರು. ಕೊಯ್ಲಿನ ಮೇಲೆ ತಾವೇ ನಿಗಾ ಇಡಲು ಕಲಿತರು. ಆಮೇಲೆ ಅಭಯಾರಣ್ಯದಿಂದ ಮಾರಾಟಕ್ಕೆ ಉತ್ಪನ್ನ ತರುವುದೇ ನಿಷಿದ್ಧವಾಯಿತು. ಸಮುದಾಯದ ಹಕ್ಕುಪತ್ರ ಕೈಗೆ ಬಂದದ್ದು 2011ರಲ್ಲಿ.

ಅನುದಾನಗಳ ಒಂದು ದೋಷವನ್ನು ನಾನು ಎಲ್ಲ ಕಡೆ ಹೇಳುತ್ತೇನೆ: ಅವುಗಳ ಪಂಚಾಂಗ ಮರದ ಪಂಚಾಂಗಕ್ಕೆ ಕೂಡಿಬರುವುದಿಲ್ಲ. ಹಣ ಅಕ್ಟೋಬರಿನಲ್ಲಿ ಬಂದರೆ ಡ್ರೈಯರಿನ ಪರೀಕ್ಷೆಗೆ ಎಂಟು ತಿಂಗಳು ಕಾಯಬೇಕು. ಎರಡು ವರ್ಷದ ಯೋಜನೆಯಲ್ಲಿ ಸಿಗುವುದು ಎರಡೇ ಹಂಗಾಮು. ಗಿಡ ನೆಡುವ ಯೋಜನೆಯಾದರೆ ಬೀಜ ಮೊಳೆಯಲೇ ತಿಂಗಳುಗಟ್ಟಲೆ ಬೇಕು, ಗಿಡ ಫಲಕ್ಕೆ ಬರಲು ಹತ್ತು ವರ್ಷದ ಆಸುಪಾಸು. ಮೊಳೆತ ಸಸಿ ಗಂಡೋ ಹೆಣ್ಣೋ ಎಂಬುದು ಹೂ ಬಿಡುವ ತನಕ ತಿಳಿಯದು. ಹೆಣ್ಣು ಮರದ ಕುಡಿಯಿಂದ ಕಸಿ ಕಟ್ಟಿದರೆ ಆ ಅನುಮಾನವಿಲ್ಲ, ಫಲವೂ ಬೇಗ. ಆದರೆ ಕುಡಿಯನ್ನು ಅಡ್ಡಕೊಂಬೆಯಿಂದ ತೆಗೆದರೆ ಕಸಿ ಗಿಡ ಮರವಾಗಿ ಏಳದೆ ಅಡ್ಡಡ್ಡ ಹಬ್ಬುತ್ತದೆ. ನೇರ ಏಳುವ ಚಿಗುರೇ ಬೇಕು. ಇಷ್ಟು ಸಣ್ಣ ವಿಷಯ ತಿಳಿಯದೆ ಸಾಲುಗಟ್ಟಲೆ ಕಸಿಗಳು ಪೊದೆಯಾಗಿ ನಿಂತದ್ದನ್ನು ಕಂಡು ನಾನು ಮರುಗಿದ್ದೇನೆ.

ತಿಳಿಯಬೇಕಾದದ್ದು ಇನ್ನೂ ಬಹಳವಿದೆ, ಅದನ್ನು ತಿಳಿಯಲು ಮರದ ಹತ್ತಿರ ಇರುವವರಷ್ಟು ಯೋಗ್ಯರು ಬೇರೆ ಇಲ್ಲ. ಓದುತ್ತಿರುವ ನೀವು ಘಟ್ಟದ ಊರಿನವರಾದರೆ ಒಂದು ಕೆಲಸ ಮಾಡಿ. ಬೆಟ್ಟದಲ್ಲಿ ಐದು ಉಪ್ಪಾಗೆ ಮರ ಆರಿಸಿ ಗುರುತು ಹಾಕಿ. ಅದರಲ್ಲಿ ಒಂದಾದರೂ ಗಂಡು ಮರವಿರಲಿ. ಹೂ ಬಿಟ್ಟ ದಿನ, ಮೊದಲ ಹಣ್ಣು ಹಳದಿಯಾದ ದಿನ, ಕೊಯ್ದದ್ದೆಷ್ಟು, ಬಿಟ್ಟದ್ದೆಷ್ಟು, ಬುಡದಲ್ಲಿ ಎದ್ದ ಸಸಿ ಎಷ್ಟು, ಸಿಪ್ಪೆ ಒಣಗಿಸಲು ಉರಿಸಿದ ಸೌದೆ ಎಷ್ಟು ಕಿಲೋ ಎಂದು ಶಾಲೆಯ ನೋಟುಬುಕ್ಕಿನಲ್ಲಿ ಬರೆಯುತ್ತ ಹೋಗಿ. ಮೂರು ಮಳೆಗಾಲ ಬರೆದರೆ ಸಾಕು. ಅನುದಾನಕ್ಕೆ ಅರ್ಜಿ ಹಾಕುವಾಗ ಆ ನೋಟುಬುಕ್ಕನ್ನೇ ಮೇಲಿಡಿ.