ಕೊನೆಯ ದಿನ ಬೆಂಚಿನ ಮೇಲೆ ಕೂರಲಿಲ್ಲ

ಕ್ರಿಕೆಟ್ ನೋಡುವ ಮನೆಯಲ್ಲಿ ಲೆಕ್ಕ ಇಡುವವರು ಒಬ್ಬರಾದರೂ ಇರುತ್ತಾರೆ. ದ್ರಾವಿಡ್ ಅವರ ಟೆಸ್ಟ್ ಸರಾಸರಿ 52.31 ಎಂದು ಅಜ್ಜ ಬಾಯಿಪಾಠ ಒಪ್ಪಿಸಿದರೆ, ಮೊಮ್ಮಗಳು ಈಗಿನವರ ಸ್ಟ್ರೈಕ್ ರೇಟ್ ಹಿಡಿದು ವಾದಕ್ಕೆ ನಿಲ್ಲುತ್ತಾಳೆ. ಅಮೆರಿಕದ ಮನೆಗಳಲ್ಲೂ ಇದೇ ಕಥೆ. ಆಟ ಮಾತ್ರ ಬೇಸ್‌ಬಾಲ್. ಆ ಆಟಕ್ಕೆ ಅಂಕಿ-ಅಂಶಗಳ ರೂಢಿ ಹಚ್ಚಿದವರಲ್ಲಿ ಮುಖ್ಯರಾದ ಹೆನ್ರಿ ಚಾಡ್ವಿಕ್ ಕೂಡ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದವರೇ!

ಬೇಸ್‌ಬಾಲ್‌ನಲ್ಲಿ ಚೆಂಡನ್ನು ಚೆನ್ನಾಗಿ ಹೊಡೆದು, ಔಟಾಗದೆ ಮೊದಲನೇ ಬೇಸ್ ತಲುಪಿದರೆ ಅದು ಒಂದು ಹಿಟ್. ಹಿಟ್‌ಗಳನ್ನು ಅವಕಾಶಗಳಿಂದ ಭಾಗಿಸಿದರೆ ಸರಾಸರಿ. ಹತ್ತಕ್ಕೆ ಮೂರು ಹಿಟ್, ಅಂದರೆ 0.300 ಬಂದರೂ ಒಳ್ಳೆಯ ಆಟಗಾರ. ಏಳು ಸಲ ಸೋತವರಿಗೆ ಶಹಬ್ಬಾಸ್ ಎನ್ನುವ ಆಟ ಇದು! ಇಡೀ ವರ್ಷ ಆಡಿ 0.400 ಮುಟ್ಟುವುದು ತೀರಾ ಅಪರೂಪ.

1941ರ ಸೆಪ್ಟೆಂಬರ್ 28. ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್‌ಗೆ ಆಗ 23 ವರ್ಷ. ಋತುವಿನ ಕೊನೆಯ ದಿನ, ಫಿಲಡೆಲ್ಫಿಯಾದಲ್ಲಿ ಒಂದರ ಹಿಂದೆ ಒಂದರಂತೆ ಎರಡು ಪಂದ್ಯ. ಅಲ್ಲಿಯವರೆಗೆ ಅವರದು 448 ಅವಕಾಶಗಳಲ್ಲಿ 179 ಹಿಟ್. ಮಕ್ಕಳೇ, ಭಾಗಿಸಿ ನೋಡಿ: 0.39955. ಮೂರು ಸ್ಥಾನಕ್ಕೆ ಸರಿಪಡಿಸಿದರೆ 0.400 ಆಗಿಬಿಡುತ್ತದೆ. ಆಡದೆ ಸುಮ್ಮನೆ ಬೆಂಚಿನ ಮೇಲೆ ಕೂತಿದ್ದರೆ ದಾಖಲೆ ಜೇಬಿನಲ್ಲಿತ್ತು. ಬೇಕಾದರೆ ಕೂತಿರು ಎಂದು ಮ್ಯಾನೇಜರ್ ಕೂಡ ಹೇಳಿದ್ದರು.

ವಿಲಿಯಮ್ಸ್ ಎರಡೂ ಪಂದ್ಯ ಆಡಿದರು. ಎಂಟು ಅವಕಾಶ, ಆರು ಹಿಟ್. ಒಟ್ಟು 456ಕ್ಕೆ 185, ಅಂದರೆ 0.406. ಎಂಟರಲ್ಲಿ ಮೂರು ಹಿಟ್ ಮಾತ್ರ ಬಂದಿದ್ದರೆ? ಆ ಲೆಕ್ಕವನ್ನೂ ಮಾಡಿ, 0.400 ಕೈತಪ್ಪಿ ಹೋಗುತ್ತಿತ್ತು.

ಈ ಸರಾಸರಿಗೆ ಕಾಣದ ಒಂದು ಗುಣವೂ ವಿಲಿಯಮ್ಸ್‌ಗಿತ್ತು: ತಾಳ್ಮೆ. ನಾಲ್ಕು ಕೆಟ್ಟ ಎಸೆತಗಳನ್ನು ಹೊಡೆಯದೆ ಬಿಟ್ಟರೆ ಮೊದಲನೇ ಬೇಸ್‌ಗೆ ಆರಾಮವಾಗಿ ನಡೆದು ಹೋಗಬಹುದು. ಅದರ ಹೆಸರೇ ವಾಕ್. ಸರಾಸರಿಯಲ್ಲಿ ಅದಕ್ಕೆ ಜಾಗವಿಲ್ಲ. ಆ ವರ್ಷ ವಿಲಿಯಮ್ಸ್‌ಗೆ ಸಿಕ್ಕ ವಾಕ್‌ಗಳು 147. ಅವನ್ನೂ ಸೇರಿಸಿ ನೋಡಿದರೆ, ಬ್ಯಾಟ್ ಹಿಡಿದು ಬಂದ ಸಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾರಿ ಅವರು ಬೇಸ್ ತಲುಪಿದ್ದರು. ನನ್ನನ್ನು ಕೇಳಿದರೆ 0.406ಕ್ಕಿಂತ ಇದೇ ದೊಡ್ಡದು.

ಮನುಷ್ಯರನ್ನೇ ಬಿಟ್ಟುಬಿಟ್ಟ ಲೆಕ್ಕವೂ ಇದೆ. ಆ ಕಾಲದಲ್ಲಿ ಕಪ್ಪು ಜನರಿಗೆ ದೊಡ್ಡ ಲೀಗ್‌ಗಳಲ್ಲಿ ಪ್ರವೇಶವಿರಲಿಲ್ಲ. ಅವರು ಬೇರೆಯೇ ಲೀಗ್‌ಗಳಲ್ಲಿ ಆಡುತ್ತಿದ್ದರು. ಅಲ್ಲಿ ಜಾಶ್ ಗಿಬ್ಸನ್ 1943ರಲ್ಲಿ ಪಡೆದ ಸರಾಸರಿ 0.466. ಅದು ಅಧಿಕೃತ ಪಟ್ಟಿಗೆ ಸೇರಿದ್ದು 2024ರಲ್ಲಿ. ಈಗ ಒಂದು ಋತುವಿನ ಅತಿ ಹೆಚ್ಚಿನ ಸರಾಸರಿ ಅದೇ. ಗಿಬ್ಸನ್ ಮಾತ್ರ 1947ರ ಜನವರಿಯಲ್ಲೇ ತೀರಿಕೊಂಡಿದ್ದರು. ಜಾಕಿ ರಾಬಿನ್ಸನ್ ದೊಡ್ಡ ಲೀಗ್‌ಗೆ ಕಾಲಿಟ್ಟು ಆ ಗೋಡೆ ಒಡೆದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ.

ಬಾಸ್ಕೆಟ್‌ಬಾಲ್‌ನಲ್ಲೂ ಇಂಥದೇ ಒಂದು ಜೋಡಿಯಿದೆ. 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಎರಡು ಅಂಕದ ಬುಟ್ಟಿ 36, ಒಂದು ಅಂಕದ ಫ್ರೀ ಥ್ರೋ 28. ಕೂಡಿ ನೋಡಿ, ಸರಿಯಾಗಿ ನೂರು. ಅವರ ದೊಡ್ಡ ಎದುರಾಳಿ ಬಿಲ್ ರಸೆಲ್ ಇಷ್ಟು ಅಂಕ ಗಳಿಸಿದವರಲ್ಲ. ಬುಟ್ಟಿಯತ್ತ ಹೋಗುವ ಚೆಂಡನ್ನು ಗಾಳಿಯಲ್ಲೇ ತಡೆಯುವುದರಲ್ಲಿ ಅವರು ನಿಸ್ಸೀಮರು. ಹದಿಮೂರು ಋತು ಆಡಿದರು, ಅವರ ತಂಡ ಹನ್ನೊಂದು ಸಲ ಚಾಂಪಿಯನ್. ರಸೆಲ್ ಎಷ್ಟು ಚೆಂಡು ತಡೆದರು ಎಂದು ಹುಡುಕಲು ಹೋಗಬೇಡಿ. ಅವರು ನಿವೃತ್ತರಾದದ್ದು 1969ರಲ್ಲಿ. ತಡೆದ ಚೆಂಡುಗಳನ್ನು ಎನ್‌ಬಿಎ ಎಣಿಸಲು ಶುರುಮಾಡಿದ್ದು 1973ರಲ್ಲಿ.